ಡಿಟೆಕ್ಟ್ ಆಗಲಿಲ್ಲ ಅಂದ ತಕ್ಷಣ ಫಾರ್ಮ್ಯಾಟ್ ಯಾಕೆ?

‘ಹಾರ್ಡ್ ಡಿಸ್ಕ್ ಡಿಟೆಕ್ಟ್ ಆಗ್ತಿಲ್ಲ’ ಅಂತ ತಾಲ್ಲೂಕು ಕೇಂದ್ರದ ಯಾವುದಾದರೂ ಕಂಪ್ಯೂಟರ್ ಅಂಗಡಿಗೆ ಹೋಗಿ ನೋಡಿ. ಹೆಚ್ಚಾಗಿ ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಹೊಡೀಬೇಕು ಸರ್, ಹತ್ತು ನಿಮಿಷದ ಕೆಲಸ.’ ಹತ್ತು ನಿಮಿಷ ಆದ ಮೇಲೆ ಡಿಸ್ಕ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗಿದ್ದದ್ದು ಮಾತ್ರ ಇರುವುದಿಲ್ಲ.

ಇದನ್ನು ರಿಪೇರಿ ಅಂತ ಕರೆಯುವುದನ್ನು ನಾವು ಒಪ್ಪುವುದಿಲ್ಲ. ಬೀಗ ತೆಗೆಯಲು ಬರಲಿಲ್ಲ ಅಂತ ಮನೆಯನ್ನೇ ಕೆಡವಿ, ‘ನೋಡಿ, ಸೈಟು ಕ್ಲೀನಾಗಿದೆ, ಹೊಸದಾಗಿ ಕಟ್ಟಿಕೊಳ್ಳಿ’ ಅಂದ ಹಾಗಾಯಿತು ಇದು.

ಹೋದರೆ ಹೋಗಲಿ ಬಿಡಿ ಅನ್ನುವವರಿಗೆ ಒಂದು ಮಾತು. ಪಹಣಿ ಕಳೆದುಹೋದರೆ ಇನ್ನೊಂದು ಪ್ರತಿ ತೆಗೆಸಬಹುದು. ಆಧಾರ್ ಮತ್ತೆ ಪ್ರಿಂಟ್ ಮಾಡಿಸಬಹುದು. ಸರ್ಕಾರದ ಕಾಗದಕ್ಕೆ ಸರ್ಕಾರದ ಹತ್ತಿರ ಇನ್ನೊಂದು ಪ್ರತಿ ಇರುತ್ತದೆ. ಆದರೆ ತೀರಿಹೋದ ಅಜ್ಜಿ ಹೇಳಿದ ಸೋಬಾನೆ ಪದದ ರೆಕಾರ್ಡಿಂಗ್, ಅಪ್ಪ ಇದ್ದಾಗಿನ ಮದುವೆ ವಿಡಿಯೋ, ಕೆರೆ ಕೋಡಿ ಬಿದ್ದ ವರ್ಷದ ಫೋಟೋ, ಊರಿನ ಹುಡುಗರು ಆಡಿದ ನಾಟಕ, ಇವಕ್ಕೆ ಯಾವ ಇಲಾಖೆಯಲ್ಲೂ ಪ್ರತಿ ಇಲ್ಲ. ರಾಜ್ಯಮಟ್ಟದ ಪತ್ರಿಕೆಯಲ್ಲಿ ಒಂದು ಸಾಲೂ ಬಾರದ ಎಷ್ಟೋ ಊರುಗಳ ಚರಿತ್ರೆ ಇರುವುದೇ ಯಾರದೋ ಮನೆಯ ಬೀರುವಿನಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಅಳಿಸುವ ಮುನ್ನ ಅರ್ಧ ಗಂಟೆ ಪರೀಕ್ಷೆ ಮಾಡಿ ಅಂತ ಕೇಳುವುದು ದೊಡ್ಡ ಬೇಡಿಕೆಯಲ್ಲ.

‘ಡಿಟೆಕ್ಟ್ ಆಗ್ತಿಲ್ಲ’ ಅನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ಜ್ವರ ಇದ್ದ ಹಾಗೆ, ಕಾರಣ ಹತ್ತು ಇರಬಹುದು. ಅದರಲ್ಲಿ ಎಷ್ಟೋ ಕಾರಣಗಳಿಗೆ ಡಿಸ್ಕಿನ ಒಳಗಿರುವುದನ್ನು ಮುಟ್ಟುವ ಅಗತ್ಯವೇ ಇಲ್ಲ.

ಮೊದಲು ಕೇಬಲ್ ನೋಡಿ

ಡಿಸ್ಕಿನ ಲೈಟ್ ಉರಿಯುತ್ತಿದೆ, ಕಂಪ್ಯೂಟರಿನಲ್ಲಿ ಮಾತ್ರ ಏನೂ ಕಾಣುತ್ತಿಲ್ಲ ಅಂದರೆ ಮೊದಲ ಅನುಮಾನ ಕೇಬಲ್ ಮೇಲೆ ಬರಬೇಕು. ಯುಎಸ್‌ಬಿ ಕೇಬಲ್ ಒಳಗೆ ಕರೆಂಟ್ ಸಾಗಿಸುವ ತಂತಿಗಳು ಬೇರೆ, ಡೇಟಾ ಸಾಗಿಸುವ ತಂತಿಗಳು ಬೇರೆ. ಅಗ್ಗದ ಕೆಲವು ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಅಂಥ ಕೇಬಲ್ ಹಾಕಿದರೆ ಲೈಟ್ ಉರಿಯುತ್ತದೆ, ಡಿಸ್ಕ್ ತಿರುಗುತ್ತದೆ, ಕಂಪ್ಯೂಟರಿಗೆ ಸುದ್ದಿ ಮಾತ್ರ ಮುಟ್ಟುವುದಿಲ್ಲ.

ಹಲವು ಹಾರ್ಡ್ ಡಿಸ್ಕ್‌ಗಳಿಗೆ ಬರುವ ಅಗಲವಾದ ಚಪ್ಪಟೆ ಪಿನ್ ಬೇಗ ಸಡಿಲವಾಗುತ್ತದೆ. ಬೇರೆ ಡಿಸ್ಕಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ಕೇಬಲ್ ತಂದು ಹಾಕಿ ನೋಡಿ. ಅದು ಸಿಗದಿದ್ದರೆ, ಆ ಅಗಲ ಜಾಗದ ದೊಡ್ಡ ಭಾಗದಲ್ಲಿ ಹಳೆಯ ಮೊಬೈಲಿನ ಮೈಕ್ರೋ ಯುಎಸ್‌ಬಿ ಡೇಟಾ ಕೇಬಲ್ ಕೂಡ ಕೂರುತ್ತದೆ. ಕಾಪಿ ನಿಧಾನ ಆಗಬಹುದು, ಪರೀಕ್ಷೆಗೆ ಸಾಕು.

ಆಮೇಲೆ ಕರೆಂಟ್

ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 5 ವೋಲ್ಟ್‌ನಲ್ಲಿ 500 ಮಿಲಿ ಆಂಪಿಯರ್. ಯುಎಸ್‌ಬಿ 3.0 ಪೋರ್ಟ್ ಆದರೆ 900 ಮಿಲಿ ಆಂಪಿಯರ್. ಹಾರ್ಡ್ ಡಿಸ್ಕ್ ತಿರುಗಲು ಶುರುಮಾಡುವ ಮೊದಲ ಕ್ಷಣದಲ್ಲೇ ಅದಕ್ಕೆ ಹೆಚ್ಚು ಕರೆಂಟ್ ಬೇಕು, ಪಂಪ್‌ಸೆಟ್ ಮೋಟಾರ್ ಸ್ಟಾರ್ಟ್ ಆಗುವಾಗ ಬೇಕಾದ ಹಾಗೆ. ಡೆಸ್ಕ್‌ಟಾಪಿನ ಮುಂದಿನ ಪೋರ್ಟ್‌ಗೆ ಕರೆಂಟ್ ಬರುವುದು ಒಳಗಿನ ಸಣ್ಣ ವೈರಿನ ಮೂಲಕ. ನಾಲ್ಕು ಬಾಯಿಯ ಹಬ್ ಹಾಕಿದ್ದರೆ ಒಂದೇ ಪೋರ್ಟಿನ ಕರೆಂಟನ್ನು ನಾಲ್ಕು ಸಾಧನ ಹಂಚಿಕೊಳ್ಳಬೇಕು. ಹಬ್ ತೆಗೆದು, ಸಿಪಿಯು ಡಬ್ಬದ ಹಿಂಭಾಗದ ಪೋರ್ಟಿಗೆ ನೇರವಾಗಿ ಚುಚ್ಚಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಟ್ಟು ನೋಡಿ.

ದೊಡ್ಡ 3.5 ಇಂಚಿನ ಡಿಸ್ಕ್‌ಗಳಿಗೆ ಬೇರೆ ಅಡಾಪ್ಟರ್ ಇರುತ್ತದೆ. ಅದು ಕೆಟ್ಟಿದೆ ಅಂತ ಮನೆಯಲ್ಲಿರುವ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ತಂದು ಚುಚ್ಚಬೇಡಿ. ಪಿನ್ ಕೂತರೆ ಸಾಲದು, ಮೇಲೆ ಬರೆದಿರುವ ವೋಲ್ಟ್ ಅದೇ ಇರಬೇಕು, ಆಂಪಿಯರ್ ಕಡಿಮೆ ಇರಬಾರದು. ತಪ್ಪಿದರೆ ಬದುಕಿದ್ದ ಡಿಸ್ಕ್ ನಿಜವಾಗಿ ಸಾಯಬಹುದು.

ಇಷ್ಟಾದ ಮೇಲೂ ಕಾಣದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ಕೆಲವು ಕಚೇರಿಗಳ ಕಂಪ್ಯೂಟರುಗಳಲ್ಲಿ ಭದ್ರತೆಗಾಗಿ ಯುಎಸ್‌ಬಿಯನ್ನೇ ಬಂದ್ ಮಾಡಿರುತ್ತಾರೆ. ಅಲ್ಲಿ ಕಾಣಲಿಲ್ಲ ಅಂದರೆ ಡಿಸ್ಕಿನ ತಪ್ಪಲ್ಲ.

ಕಂಪ್ಯೂಟರಿಗೆ ಕಂಡಿದೆ, ನಿಮಗೆ ಕಂಡಿಲ್ಲ

‘ದಿಸ್ ಪಿಸಿ’ ತೆರೆದು ನೋಡಿ, ಇಲ್ಲ ಅಂತ ಮುಚ್ಚಿಬಿಡುವ ಮೆಕ್ಯಾನಿಕ್‌ಗಳಿದ್ದಾರೆ. ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಲು ಹೇಳಿ. ಜೋಡಿಸಿರುವ ಡಿಸ್ಕ್‌ಗಳ ಪಟ್ಟಿ ಅಲ್ಲಿ ಇರುತ್ತದೆ. 1 ಟಿಬಿ ಡಿಸ್ಕ್ ಅಲ್ಲಿ ಸುಮಾರು 931 ಜಿಬಿ ಅಂತ ಕಾಣುತ್ತದೆ. ಲೆಕ್ಕ ಹಾಕುವ ಕ್ರಮ ಬೇರೆ, ಅಷ್ಟೇ. ಗಾಬರಿ ಬೇಡ.

ಅಲ್ಲಿ ಡಿಸ್ಕ್ ಇದೆ, ಆದರೆ ಇ, ಎಫ್ ಅಂತ ಅಕ್ಷರ ಇಲ್ಲ ಅಂದರೆ, ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್’ ಅನ್ನುವಲ್ಲಿ ಒಂದು ಅಕ್ಷರ ಕೊಟ್ಟರೆ ಸಾಕು. ಒಂದು ನಿಮಿಷದ ಕೆಲಸ, ಒಂದು ಫೈಲೂ ಅಳಿಯುವುದಿಲ್ಲ. ಇದಕ್ಕೂ ಫಾರ್ಮ್ಯಾಟ್ ಹೊಡೆದರೆ ಅದನ್ನು ಅನ್ಯಾಯ ಅನ್ನದೆ ಬೇರೇನು ಅನ್ನಬೇಕು?

ಫೈಲ್ ಸಿಸ್ಟಮ್ ಅನ್ನುವ ಜಾಗದಲ್ಲಿ ‘ರಾ’ ಅಂತ ತೋರಿಸಿದರೆ, ಒಳಗಿನ ಫೈಲುಗಳ ಲೆಕ್ಕದ ಪುಸ್ತಕ ವಿಂಡೋಸ್‌ಗೆ ಓದಲು ಬರುತ್ತಿಲ್ಲ ಅಂತ ಅರ್ಥ. ಕಾಪಿ ಆಗುತ್ತಿರುವಾಗ ಕರೆಂಟ್ ಹೋದರೆ, ಡಿಸ್ಕ್ ಎಳೆದುಬಿಟ್ಟರೆ ಹೀಗಾಗುವುದುಂಟು. ಲೆಕ್ಕದ ಪುಸ್ತಕ ಹರಿದ ಮಾತ್ರಕ್ಕೆ ಉಗ್ರಾಣದ ಕಾಳು ಖಾಲಿಯಾಗುವುದಿಲ್ಲ.

‘ನಾಟ್ ಇನಿಶಿಯಲೈಜ್ಡ್’ ಅಂತ ಬಂದು ಎಂಬಿಆರ್ ಬೇಕೋ ಜಿಪಿಟಿ ಬೇಕೋ ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಪಟ್ಟಿಯಲ್ಲಿ ಡಿಸ್ಕೇ ಇಲ್ಲದಿದ್ದರೆ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ಗುರುತು ಇರುವ ಯುಎಸ್‌ಬಿ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ, ಡಿಸ್ಕ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ಚುಚ್ಚಿ. ಇದರಿಂದಲೂ ಡಿಸ್ಕಿನಲ್ಲಿರುವ ಫೈಲು ಅಳಿಯುವುದಿಲ್ಲ, ಬದಲಾಗುವುದು ಡ್ರೈವರ್ ಮಾತ್ರ.

ಆ ಇಂಗ್ಲಿಷ್ ಕಿಟಕಿ

ನಮ್ಮ ದೊಡ್ಡ ಸಿಟ್ಟು ಇರುವುದು ವಿಂಡೋಸ್ ತೋರಿಸುವ ಒಂದು ಸಂದೇಶದ ಮೇಲೆ. ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು ಅಂತ ಅದು ಇಂಗ್ಲಿಷಿನಲ್ಲಿ ಹೇಳುತ್ತದೆ. ಎರಡು ಬಟನ್: ಒಂದು ‘ಫಾರ್ಮ್ಯಾಟ್ ಡಿಸ್ಕ್’, ಇನ್ನೊಂದು ‘ಕ್ಯಾನ್ಸಲ್’. ‘ನನಗೆ ಓದಲು ಬರುತ್ತಿಲ್ಲ’ ಅಂತ ಹೇಳಬೇಕಾದ ಕಡೆ ‘ನೀನು ಅಳಿಸಬೇಕು’ ಅಂತ ಹೇಳುವ ಯಂತ್ರ ಇದು. ಕೋಟ್ಯಂತರ ಜನ ಬಳಸುವ ಸಾಫ್ಟ್‌ವೇರಿಗೆ ‘ಒಳಗೆ ನಿಮ್ಮ ಫೈಲು ಇರಬಹುದು, ಅವಸರ ಬೇಡ’ ಅಂತ ಒಂದು ಸಾಲು ಅಲ್ಲೇ ಸೇರಿಸಲು ಏನು ಕಷ್ಟ?

ಮ್ಯಾಕ್ ಕಂಪ್ಯೂಟರಿನಲ್ಲಿ ತಯಾರಾದ ಡಿಸ್ಕನ್ನು ವಿಂಡೋಸಿಗೆ ಹಾಕಿದರೂ ಇದೇ ಸಂದೇಶ ಬರಬಹುದು. ಬೆಂಗಳೂರಿನ ಎಡಿಟರ್ ಹತ್ತಿರ ಮದುವೆ ವಿಡಿಯೋ ಮಾಡಿಸಿಕೊಂಡು ಬಂದವರು ಇದನ್ನು ನೆನಪಿಡಿ. ಡಿಸ್ಕಿಗೆ ಏನೂ ಆಗಿಲ್ಲ, ಅದರ ಭಾಷೆ ಬೇರೆ ಅಷ್ಟೇ. ಫೋನಿಗೆ ಒಟಿಜಿ ಹಾಕಿ ನೋಡುವವರಿಗೂ ಅದೇ ಮಾತು. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕನ್ನು ಎಷ್ಟೋ ಆಂಡ್ರಾಯ್ಡ್ ಫೋನ್‌ಗಳು ಓದುವುದಿಲ್ಲ. ಡ್ರೈವ್ ಸೆಟಪ್ ಮಾಡಿ ಅಂತ ಫೋನಿನಲ್ಲಿ ನೋಟಿಫಿಕೇಶನ್ ಬಂದರೆ ಒತ್ತಬೇಡಿ. ಆ ದಾರಿಯೂ ಫಾರ್ಮ್ಯಾಟ್‌ಗೇ ಹೋಗುತ್ತದೆ.

ಇನ್ನೊಂದು ಜಾತಿ ಶಾರ್ಟ್‌ಕಟ್ ವೈರಸ್. ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಬಂದ ಮೇಲೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತವೆ. ಫೈಲು ಹೋಗಿರುವುದಿಲ್ಲ, ಅಡಗಿಸಿಟ್ಟಿರುತ್ತದೆ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡದೆ, ಹಿಡನ್ ಫೈಲ್‌ಗಳನ್ನೂ ಸಿಸ್ಟಮ್ ಫೈಲ್‌ಗಳನ್ನೂ ತೋರಿಸುವಂತೆ ಸೆಟ್ಟಿಂಗ್ ಬದಲಿಸಿ, ನಿಮ್ಮ ಫೈಲುಗಳನ್ನಷ್ಟೇ ಬೇರೆಡೆ ಕಾಪಿ ಮಾಡಿ, ಆ್ಯಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿಸಿ. ಫಾರ್ಮ್ಯಾಟ್ ಆಮೇಲೆ.

ಯಾವಾಗ ಕೈ ಬಿಡಬೇಕು

ಎಲ್ಲವನ್ನೂ ಮನೆಯಲ್ಲೇ ಸರಿಮಾಡಿ ಅಂತ ನಾವು ಹೇಳುತ್ತಿಲ್ಲ. ಡಿಸ್ಕಿನಿಂದ ‘ಟಕ್ ಟಕ್’ ಅಂತ ಒಂದೇ ಸಮ ಸದ್ದು ಬಂದರೆ, ಕೆಳಗೆ ಬಿದ್ದ ಮೇಲೆ ಕೆರೆಯುವ ಶಬ್ದ ಬಂದರೆ ತಕ್ಷಣ ವೈರ್ ತೆಗೆಯಿರಿ. ಒಳಗೆ ಓದುವ ಸೂಜಿಯಂಥ ಭಾಗ ಕೆಟ್ಟಿರಬಹುದು. ಮತ್ತೆ ಮತ್ತೆ ಚುಚ್ಚಿದಷ್ಟೂ ತಟ್ಟೆ ಗೀಚಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಯೂಟ್ಯೂಬ್ ಮದ್ದು ಬೇಡ. ಸ್ಕ್ರೂ ಬಿಚ್ಚುವುದಂತೂ ಬೇಡವೇ ಬೇಡ, ಒಂದು ಕಣ ಧೂಳು ಸಾಕು ಕೆಡಿಸಲು. ಬೆಂಗಳೂರಿನಂಥ ನಗರಗಳಲ್ಲಿ ಡೇಟಾ ರಿಕವರಿ ಲ್ಯಾಬ್‌ಗಳಿವೆ. ಖರ್ಚು ಸಾವಿರಗಳ ಲೆಕ್ಕದಲ್ಲಿ ಆಗುತ್ತದೆ. ಮಾಡಿಸುವುದೋ ಬಿಡುವುದೋ ನಿಮ್ಮ ತೀರ್ಮಾನ. ಆ ತೀರ್ಮಾನವನ್ನು ಅಂಗಡಿಯವರು ನಿಮ್ಮ ಪರವಾಗಿ ಹತ್ತು ನಿಮಿಷದಲ್ಲಿ ತೆಗೆದುಕೊಳ್ಳಬಾರದು.

ಈಗಾಗಲೇ ಯಾರೋ ಫಾರ್ಮ್ಯಾಟ್ ಮಾಡಿಬಿಟ್ಟಿದ್ದರೆ ಆ ಡಿಸ್ಕಿಗೆ ಒಂದು ಹಾಡನ್ನೂ ಕಾಪಿ ಮಾಡಬೇಡಿ. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಲೆಕ್ಕದ ಪುಸ್ತಕ ಮಾತ್ರ ಹೊಸದಾಗಿರುತ್ತದೆ, ಹಳೆಯದು ಅಡಿಯಲ್ಲಿ ಉಳಿದಿರುತ್ತದೆ. ಟೆಸ್ಟ್‌ಡಿಸ್ಕ್, ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್‌ಗಳು ಅದನ್ನು ಹುಡುಕಿ ತೆಗೆಯಬಲ್ಲವು. ಫೋಟೋರೆಕ್‌ನಲ್ಲಿ ಫೈಲಿನ ಹೆಸರು ಹೋಗುತ್ತದೆ, ಫೋಟೋ ಸಿಗುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಬೇಕು. ಫುಲ್ ಫಾರ್ಮ್ಯಾಟ್ ಆಗಿದ್ದರೆ ಕಥೆ ಮುಗಿಯಿತು. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ.

ಅಂಗಡಿಯವರ ವಾದಕ್ಕೆ ನಮ್ಮ ಉತ್ತರ

ಅಂಗಡಿಯವರು ಹೇಳುವುದರಲ್ಲೂ ಸತ್ಯ ಇದೆ. ಗಿರಾಕಿ ಬಸ್ಸಿಗೆ ಟೈಮಾಯ್ತು ಅಂತಾನೆ, ಐವತ್ತು ರೂಪಾಯಿ ಕೊಡಲು ಚೌಕಾಸಿ ಮಾಡುತ್ತಾನೆ, ಮೂರು ಗಂಟೆ ಕೂತು ಫೈಲು ಹುಡುಕಿದರೆ ಅದರ ಕೂಲಿ ಯಾರು ಕೊಡುತ್ತಾರೆ? ಸರಿಯಾದ ಪ್ರಶ್ನೆ. ಉತ್ತರವೂ ಸರಳ: ಹೆಚ್ಚು ದುಡ್ಡು ಕೇಳಿ. ನಾಳೆ ಬನ್ನಿ ಅನ್ನಿ. ಗೊತ್ತಿಲ್ಲದಿದ್ದರೆ ‘ನನ್ನ ಕೈಲಿ ಆಗಲ್ಲ’ ಅನ್ನಿ. ಅದು ಮರ್ಯಾದೆಯ ಮಾತು. ಕೇಳದೆ ಅಳಿಸುವುದು ಮಾತ್ರ ಮರ್ಯಾದೆಯಲ್ಲ.

ಕಂಪನಿಗಳನ್ನೂ ಬಿಡುವಂತಿಲ್ಲ. ಡಬ್ಬದ ಮೇಲೆ ದೊಡ್ಡದಾಗಿ ವಾರಂಟಿ ಅಂತ ಬರೆಯುತ್ತಾರೆ. ಸಾಮಾನ್ಯವಾಗಿ ಆ ವಾರಂಟಿ ಡಿಸ್ಕಿಗೆ, ಒಳಗಿರುವುದಕ್ಕಲ್ಲ. ಇನ್ನು ಜಾತ್ರೆಯ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಕೆಲವೇ ನೂರು ರೂಪಾಯಿಗೆ ಸಿಗುವ ‘2 ಟಿಬಿ ಪೆನ್‌ಡ್ರೈವ್’ ಶುದ್ಧ ಮೋಸ. ಒಳಗೆ ಸಣ್ಣ ಚಿಪ್ ಇಟ್ಟು ದೊಡ್ಡದು ಅಂತ ಕಂಪ್ಯೂಟರಿಗೆ ಸುಳ್ಳು ಹೇಳಿಸಿರುತ್ತಾರೆ. ಜಾಗ ಮುಗಿದ ಮೇಲೆ ಹಾಕಿದ ಫೈಲುಗಳು ತೆರೆಯುವುದಿಲ್ಲ.

ವಾಟ್ಸಾಪಿನಲ್ಲಿ ಇದೆಯಲ್ಲ ಅನ್ನುವವರಿಗೆ: ಅಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಕುಗ್ಗಿ ಹೋಗಿರುತ್ತದೆ. ಗೂಗಲ್‌ನಲ್ಲಿ ಇಡುತ್ತೇವೆ ಅನ್ನುವವರಿಗೆ: ಬಿಟ್ಟಿ ಜಾಗ 15 ಜಿಬಿ, ಮದುವೆಯ ಪೂರ್ತಿ ವಿಡಿಯೋ ಅದರಲ್ಲಿ ಹಿಡಿಯುವುದು ಕಷ್ಟ. ಹಾಗಾಗಿ ಎರಡನೇ ಡಿಸ್ಕ್ ಬೇಕೇ ಬೇಕು, ಅದನ್ನು ಬೇರೆ ಮನೆಯಲ್ಲಿ ಇಡಬೇಕು. ಮದುವೆಗೆ ಲಕ್ಷಗಟ್ಟಲೆ ಸುರಿಯುವವರು ಅದರ ನೆನಪಿಗೆ ಇನ್ನೊಂದು ಡಿಸ್ಕ್ ಕೊಳ್ಳಲು ಹಿಂದೆಮುಂದೆ ನೋಡುವುದು ನಮಗೆ ಅರ್ಥವಾಗುವುದಿಲ್ಲ.

ನಾವು ಕೇಳುವುದು ಇಷ್ಟು

ಸ್ಟುಡಿಯೋದವರೇ, ವಿಡಿಯೋವನ್ನು ಒಂದೇ ಪೆನ್‌ಡ್ರೈವ್‌ನಲ್ಲಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಎರಡು ಪ್ರತಿ ಕೊಡಿ, ಬೇಕಾದರೆ ದುಡ್ಡು ತಗೊಳ್ಳಿ. ನಿಮ್ಮ ಹತ್ತಿರದ ಪ್ರತಿ ಅಳಿಸುವ ಮುನ್ನ ಒಂದು ಫೋನ್ ಮಾಡಿ.

ಅಂಗಡಿಯವರೇ, ಕೇಬಲ್, ಪೋರ್ಟ್, ಡಿಸ್ಕ್ ಮ್ಯಾನೇಜ್‌ಮೆಂಟ್ ಈ ಮೂರನ್ನು ನೋಡದೆ ಫಾರ್ಮ್ಯಾಟ್ ಅನ್ನುವ ಪದ ಬಾಯಿಂದ ಬರಬಾರದು. ಫಾರ್ಮ್ಯಾಟ್ ಮಾಡಲೇಬೇಕಾದರೆ ಗಿರಾಕಿಯಿಂದ ಒಂದು ಚೀಟಿಯಲ್ಲಿ ಸಹಿ ಹಾಕಿಸಿಕೊಳ್ಳಿ. ನಿಮಗೂ ಒಳ್ಳೆಯದು.

ಓದುಗರೇ, ನೀವು ಡಿಸ್ಕ್ ಕೊಡುವಾಗ ‘ಸರಿ ಮಾಡಿ ಕೊಡಿ’ ಅನ್ನಬೇಡಿ. ಅಂಗಡಿಯವರ ಕಿವಿಗೆ ಅದು ಫಾರ್ಮ್ಯಾಟ್ ಅಂತಲೇ ಕೇಳಿಸುತ್ತದೆ. ‘ಡಿಸ್ಕ್ ಹಾಳಾದರೂ ಪರವಾಗಿಲ್ಲ, ಒಳಗಿರುವುದು ಬೇಕು, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಅನ್ನಿ. ಇದನ್ನೇ ಒಂದು ಚೀಟಿಯಲ್ಲಿ ಬರೆದು ಡಿಸ್ಕಿಗೆ ಅಂಟಿಸಿ ಕೊಡಿ. ಅಂಗಡಿಯ ಹುಡುಗ ನಕ್ಕರೆ ನಗಲಿ. ಹೊಸ ಡಿಸ್ಕ್ ಯಾವ ಊರಿನಲ್ಲಾದರೂ ಸಿಗುತ್ತದೆ, ಅದರೊಳಗಿದ್ದ ಅಜ್ಜಿಯ ಪದ ಎಲ್ಲೂ ಸಿಗುವುದಿಲ್ಲ.