ಬ್ಯಾಕ್ಟೀರಿಯಾ ಮದ್ದೂ ಮೆಡಿಕಲ್ ಶಾಪಿನ ಮಾತ್ರೆಯೂ

ಕ್ಯಾನ್ಸರಿಗೆ ಜೀವಂತ ಬ್ಯಾಕ್ಟೀರಿಯಾವನ್ನೇ ಮದ್ದಾಗಿ ಕೊಡುವುದು ಹೊಸ ಸಂಗತಿಯೇನಲ್ಲ. ಶಿವಮೊಗ್ಗ, ಭದ್ರಾವತಿಯಲ್ಲಿ ಹುಟ್ಟಿದ ಕೂಸುಗಳ ಎಡತೋಳಿಗೆ ಚುಚ್ಚುವ ಕ್ಷಯದ ಲಸಿಕೆ ಬಿಸಿಜಿ, ಪ್ರಮಾಣ ಹೆಚ್ಚಿಸಿದರೆ, ಮೂತ್ರಕೋಶದ ಕ್ಯಾನ್ಸರಿಗೂ ಮದ್ದಾಗುತ್ತದೆ. 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಇದನ್ನು ತೋರಿಸಿಕೊಟ್ಟರು. ಗಡ್ಡೆಯನ್ನು ಕೆರೆದು ತೆಗೆದ ಮೇಲೆ ವಾರಕ್ಕೊಮ್ಮೆಯಂತೆ ಆರು ವಾರ ಕ್ಯಾಥೆಟರ್ ಮೂಲಕ ಮದ್ದು ಬಿಡುತ್ತಾರೆ. ರೋಗಿ ಎರಡು ತಾಸು ಮೂತ್ರ ತಡೆದುಕೊಳ್ಳಬೇಕು. ಆಮೇಲೆ ಆರು ತಾಸು, ಹೋದಾಗಲೆಲ್ಲ ಕಕ್ಕಸಿಗೆ ಬ್ಲೀಚ್ ಸುರಿದು ಕಾಲು ಗಂಟೆ ಬಿಟ್ಟು ನೀರು ಹಾಕಬೇಕು. ಗಂಡಸರೂ ಕೂತೇ ಮಾಡಬೇಕು, ಸಿಡಿಯಬಾರದಲ್ಲ!

ಬಿಸಿಜಿ ಹದಿಮೂರು ವರ್ಷ ಪಳಗಿಸಿದ ಜೀವಿ. ಈಗಿನವು ಜೀನ್ ತಿದ್ದಿ ಮಾಡಿದವು. ಗಡ್ಡೆಯ ನಡುಭಾಗಕ್ಕೆ ಆಮ್ಲಜನಕ ಸಾಲದು, ದೇಹದ ಕಾವಲೂ ಅಲ್ಲಿ ಸಡಿಲ. ಕೆಲವು ಬ್ಯಾಕ್ಟೀರಿಯಾಗಳಿಗೆ ಬೇಕಾದ್ದೇ ಅದು. 2019ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ತಿದ್ದಿದ ಇ. ಕೋಲಿ ಇಲಿಯ ಗಡ್ಡೆಯೊಳಗೆ ಹೆಚ್ಚಿ, ಸಂಖ್ಯೆ ತುಂಬಿದೊಡನೆ ಒಟ್ಟಿಗೇ ಒಡೆದು, ಒಳಗಿನ ಮದ್ದನ್ನು ಸುರಿಯಿತು. ಇಲಿಯ ಗೆಲುವು ಮನುಷ್ಯರ ಗೆಲುವಾಗಬೇಕೆಂದೇನಿಲ್ಲ. 2002ರಲ್ಲಿ ಪ್ರಕಟವಾದ ಸಾಲ್ಮೊನೆಲ್ಲಾ ಪ್ರಯೋಗದಲ್ಲಿ 25 ರೋಗಿಗಳಿದ್ದರು, ಒಬ್ಬರ ಗಡ್ಡೆಯೂ ಕುಗ್ಗಲಿಲ್ಲ. 1891ರಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಸ್ಟ್ರೆಪ್ಟೊಕಾಕಸ್ ಚುಚ್ಚಿದಾಗಲಂತೂ ಕೆಲವರ ಗಡ್ಡೆ ಕರಗಿತು, ಕೆಲವರು ಸೋಂಕಿನಿಂದಲೇ ಸತ್ತರು.

ಹಾಗಾಗಿ ಕಾಡುವ ಪ್ರಶ್ನೆ, ಮೈಯೊಳಗೆ ಬಿಟ್ಟ ಬ್ಯಾಕ್ಟೀರಿಯಾವನ್ನು ನಿಲ್ಲಿಸುವವರು ಯಾರು?

ಲಿಸ್ಟೀರಿಯಾವನ್ನು ತಿದ್ದಿ ಗರ್ಭಕಂಠದ ಕ್ಯಾನ್ಸರಿಗೆ ಕೊಟ್ಟ ಪ್ರಯೋಗ ಭಾರತದಲ್ಲೇ ನಡೆಯಿತು. 109 ಮಹಿಳೆಯರ ಮೇಲಿನ ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಇಂಥ ಮದ್ದು ಕೊಟ್ಟ ಕೆಲವು ದಿನಕ್ಕೆ ಅದನ್ನು ಕೊಲ್ಲಲು ಆ್ಯಂಟಿಬಯೋಟಿಕ್ ಕೊಡುವ ಕ್ರಮವಿದೆ. ಅಂದರೆ ಬ್ರೇಕು ಇರುವುದು ಆ್ಯಂಟಿಬಯೋಟಿಕ್‌ನಲ್ಲಿ. ನಮ್ಮೂರುಗಳಲ್ಲಿ ಆ ಬ್ರೇಕು ಯಾರ ಕಾಲಡಿ ಇದೆ ನೋಡಿ. ಶಿವಮೊಗ್ಗವಿರಲಿ ಭದ್ರಾವತಿಯಿರಲಿ, ಜ್ವರ ಬಂದರೆ ಚೀಟಿಯಿಲ್ಲದೆ "ಒಂದು ಸ್ಟ್ರಿಪ್ ಕೊಡಿ" ಎನ್ನುವ ರೂಢಿ ದೇಶದ ಉಳಿದೆಡೆಯಂತೆಯೇ ಇದೆ. 2014ರಿಂದ, ಚೀಟಿಯಿಲ್ಲದೆ ಮಾರಬಾರದ ಎಚ್1 ಪಟ್ಟಿಯ ಮಾತ್ರೆಗಳಿಗೆ ಅಂಗಡಿಯವರು ರಿಜಿಸ್ಟರು ಬರೆಯಬೇಕೆಂಬ ನಿಯಮ ಬಂದಿದ್ದರೂ ಸರಿಯೇ. ಬಿಸಿಜಿ ಚಿಕಿತ್ಸೆಯಲ್ಲಿದ್ದವರು ಕ್ವಿನೊಲೋನ್ ಗುಂಪಿನ ಆ್ಯಂಟಿಬಯೋಟಿಕ್ ನುಂಗಿದರೆ ಮದ್ದೇ ಸಾಯಬಹುದು. ಅತ್ತ, ತಿದ್ದಿದ ಬ್ಯಾಕ್ಟೀರಿಯಾ ಮಾತ್ರೆಗೆ ಬಗ್ಗದಂತಾದರೆ ನಿಲ್ಲಿಸುವುದೇ ಕಷ್ಟ.

ಹೀಗೆ ಜೀನ್ ತಿದ್ದಿದ ಕುಲಾಂತರಿ ಜೀವಿಗಳಿಗೆ 1989ರ ನಿಯಮಾವಳಿಯಿದೆ, ದೆಹಲಿಯಲ್ಲಿ ಸಮಿತಿಗಳಿವೆ. ಆದರೆ ಇಂಥ ಮದ್ದು ಮೊದಲು ಮಹಾನಗರಗಳಿಗೆ ಬಂದು, ವರ್ಷಗಳ ನಂತರ ಜಿಲ್ಲೆಗಿಳಿಯುತ್ತದೆ. ಅಷ್ಟರೊಳಗೆ ಶಿವಮೊಗ್ಗದ ಮೆಗ್ಗಾನ್‌ನಂಥ ಬೋಧನಾಸ್ಪತ್ರೆಯ ಪ್ರಯೋಗಾಲಯಕ್ಕೆ, ಜ್ವರ ಬಂದ ರೋಗಿಯ ರಕ್ತದಲ್ಲಿರುವುದು ಮದ್ದಿನ ಬ್ಯಾಕ್ಟೀರಿಯಾವೋ ಬೇರೆ ಸೋಂಕೋ ಎಂದು ಗುರುತಿಸಿ, ಯಾವ ಆ್ಯಂಟಿಬಯೋಟಿಕ್‌ಗೆ ಅದು ಸಾಯುತ್ತದೆಂದು ಬೇಗ ಹೇಳುವ ಸಾಮರ್ಥ್ಯ ಇರಬೇಕಾಗುತ್ತದೆ.