ನಕಾಶೆಯ ಬಣ್ಣವೂ ಮಂಡಲದ ಮಳೆಯೂ

2023ರ ಅಕ್ಟೋಬರ ಕೊನೆಗೆ ಮಹಾರಾಷ್ಟ್ರ ಸರಕಾರವು 40 ತಾಲೂಕುಗಳಲ್ಲಿ ಬರಗಾಲ ಸಾರಿತು. ಸಾಂಗಲಿ ಜಿಲ್ಲೆಯಿಂದ ಶಿರಾಳಾ, ಕಡೇಗಾಂವ, ಖಾನಾಪುರ, ಮಿರಜಗಳ ಹೆಸರು ಬಂದವು. ಜತ್ತದ ಹೆಸರು ಬರಲಿಲ್ಲ. ಸಹ್ಯಾದ್ರಿಯ ಸೆರಗಿನ ಶಿರಾಳೆಗೆ ಬರ, ಜತ್ತಕ್ಕೆ ಇಲ್ಲವೆಂದರೆ ನಮ್ಮ ರೈತರಿಗೆ ಸಿಟ್ಟು ಬಂದದ್ದು ಸಹಜವೇ. ಆದರೆ ಸಿಟ್ಟಿನಿಂದ ನಕಾಶೆ ಬದಲಾಗುವದಿಲ್ಲ. ಅದನ್ನು ಹೇಗೆ ತಯಾರಿಸುತ್ತಾರೆಂಬದನ್ನು ತಿಳಿದು, ನಮ್ಮ ಮಳೆಯ ಲೆಕ್ಕವನ್ನು ಅದರ ಮಗ್ಗುಲಿಗೆ ಇಟ್ಟು ನೋಡಬೇಕೆಂದು ನಮ್ಮ ಅಭಿಪ್ರಾಯ.

ಕೇಂದ್ರ ಸರಕಾರದ 2016ರ ಕೈಪಿಡಿಯಂತೆ ಮೊದಲು ನೋಡುವದು ಮಳೆಯ ಕೊರತೆ. ಆಮೇಲೆ ಬಿತ್ತಿಗೆಯ ಕ್ಷೇತ್ರ, ಉಪಗ್ರಹಕ್ಕೆ ಕಂಡ ಹಸಿರು, ಭೂಮಿಯ ಹಸಿ, ಕೆರೆಬಾವಿಗಳ ನೀರು. ಕೊರತೆಯನ್ನು ಅಳೆಯುವದು ಆಯಾ ಸೀಮೆಯ ಸರಾಸರಿಯೊಡನೆ. ಇಲ್ಲಿಯೇ ತೊಡಕು. ಮೊದಲೇ ಕಡಿಮೆ ಮಳೆಯ ಸೀಮೆಗೆ ಸರಾಸರಿಯೇ ಸಣ್ಣದು. ಅದರಲ್ಲಿ ನೂರಕ್ಕೆ 18 ಕಡಿಮೆಯಾದರೂ ಹವಾಮಾನ ಇಲಾಖೆಯ ನಕಾಶೆಯಲ್ಲಿ ಅದು ‘ಸಾಮಾನ್ಯ’. ನೂರಕ್ಕೆ 19ರ ವರೆಗಿನ ಹೆಚ್ಚುಕಡಿಮೆಗೆ ಒಂದೇ ಬಣ್ಣ! ಮೇಲಾಗಿ, ತಿಂಗಳಿಡೀ ಒಣಗಿ ಕಡೆಗೆ ಒಂದು ರಾತ್ರಿ 60 ಮಿ.ಮೀ. ಸುರಿದರೆ ತಿಂಗಳ ಮೊತ್ತ ಚೆಲುವಾಗಿ ಕಾಣುವದು. ಅಷ್ಟರೊಳಗೆ ಸಜ್ಜೆ ಸುಟ್ಟುಹೋಗಿರುವದು.

ಕೈಪಿಡಿಯಲ್ಲಿ ಇದಕ್ಕೂ ದಾರಿಯಿದೆ. ಸತತ 3-4 ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದನ್ನು ಬೇರೆಯಾಗಿ ಎಣಿಸಬೇಕು. ಆದರೆ ದಿನದಿನದ ಅಂಕಿ ಕೈಯಲ್ಲಿಲ್ಲದೆ ಯಾರಿಗೆ ಏನು ತೋರಿಸುವದು?

ಮಂಡಲದ ಅಂಕಿಗೆ ಬೆಲೆಯಿಲ್ಲವೆಂದು ತಿಳಿಯಬೇಡಿರಿ. 2023ರ ನವೆಂಬರದಲ್ಲಿ ಸರಕಾರವು 1,021 ಮಹಸೂಲ ಮಂಡಲಗಳಲ್ಲಿ ಬರಸದೃಶ ಸ್ಥಿತಿಯಿದೆಯೆಂದು ಒಪ್ಪಿದ್ದು ಮಳೆಯ ಅಂಕಿಯ ಮೇಲೆಯೇ: ಜೂನದಿಂದ ಸಪ್ಟಂಬರದ ವರೆಗೆ ಸರಾಸರಿಯ ನೂರಕ್ಕೆ 75ಕ್ಕಿಂತ ಕಡಿಮೆ, ಒಟ್ಟು 750 ಮಿ.ಮೀ.ಗಿಂತ ಕಡಿಮೆ. ಆದರೆ ಮಂಡಲಕ್ಕೆಲ್ಲ ಒಂದೇ ಯಂತ್ರ. ಉಮದಿಯಲ್ಲಿ ಬಿದ್ದ ಮಳೆ ನೆರೆಯೂರಿನ ಹೊಲ ತೊಯ್ಯಿಸೀತೆಂಬ ಭರವಸೆಯಿಲ್ಲ. ಯಂತ್ರವು ಗಿಡದ ಮರೆಯಲ್ಲಿದ್ದರೆ, ಬಾಯಿಗೆ ಧೂಳು, ಹಕ್ಕಿಯ ಹಿಕ್ಕೆ ಕಟ್ಟಿದ್ದರೆ ಅಂಕಿಯೇ ಸುಳ್ಳಾಗುವದು.

ಆದ್ದರಿಂದ ಪ್ರತಿ ಗ್ರಾಮಪಂಚಾಯತಿಯು ಬಯಲಿನಲ್ಲಿ ಒಂದು ಮಳೆಮಾಪಕ ಇಡಲಿ. ದಿನಾಲು ಮುಂಜಾನೆ ಎಂಟೂವರೆಗೆ ಅಳೆದು ವಹಿಯಲ್ಲಿ ಬರೆಯಲಿ; ಮಳೆ ಬಾರದ ದಿನ ಸೊನ್ನೆಯನ್ನೂ ಬರೆಯಲೇಬೇಕು. ಮಗ್ಗುಲಲ್ಲಿ ಮಘಿ, ಹುಬ್ಬಿ, ಉತ್ತರಿ ಎಂದು ಬರೆದುಕೊಂಡರೆ ಹಿರಿಯರಿಗೂ ತಿಳಿಯುವದು. ತಿಂಗಳಿಗೊಮ್ಮೆ ತಹಸೀಲ ಕಚೇರಿಯಿಂದ ಮಂಡಲದ ಅಂಕಿ ತಂದು ತಾಳೆ ನೋಡಿರಿ. ಒಂದೆರಡು ದಿನದ ಅಂತರಕ್ಕೆ ಜಗಳ ಬೇಡ; ವಾರಗಟ್ಟಲೆ ಕೂಡದಿದ್ದರೆ ಯಂತ್ರದ ಪಂಚನಾಮೆ ಕೇಳಿರಿ. ಅರ್ಜಿಯನ್ನು ಮರಾಠಿಯಲ್ಲಿ ಬರೆಸಬೇಕಾಗುವದು ನಿಜ. ಅಂಕಿಗಳಿಗೆ ಆ ತೊಡಕಿಲ್ಲ.

ಬರದ ಲಕ್ಷಣ ಕಂಡ ಮೇಲೆ ಶೇಕಡಾ 10 ಹಳ್ಳಿಗಳಲ್ಲಿ ಹೊಲ ನೋಡಿ ಖಾತರಿ ಮಾಡಬೇಕೆಂದು ಅದೇ ಕೈಪಿಡಿ ಹೇಳುತ್ತದೆ. ನಿಮ್ಮೂರ ಹೆಸರು ಅದರಲ್ಲಿ ಸೇರಲೆಂದು ವಹಿಯ ನಕಲು ಸಹಿತ ಸಪ್ಟಂಬರದಲ್ಲಿಯೇ ತಹಸೀಲದಾರರಿಗೆ ಅರ್ಜಿ ಕೊಡಿರಿ. ಮುಂಗಾರಿ ಬರ ಸಾರುವ ಗಡುವು ಅಕ್ಟೋಬರ 30.