ರೈಲಿಗಾಗಿ ಕಾಯುವ ಹಳದಿ ಬಸ್ಸು

ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಓಸ್ಟ್ ನಿಲ್ದಾಣದಲ್ಲಿ ಪ್ರವಾಸಿಗರು ಗಲಿಬಿಲಿಯಾಗುವುದು ಸಾಮಾನ್ಯ. ಬೆಟ್ಟದ ಕಡೆಗೆ ಹೊರಡುವ ರೈಲು ಒಂದೇ, ಅದು ಮುಟ್ಟುವ ಊರು ಎರಡು. ದಾರಿಯಲ್ಲಿ ತ್ಸ್ವೈಲ್ಯೂಚಿನೆನ್ ಎಂಬ ಪುಟ್ಟ ನಿಲ್ದಾಣದಲ್ಲಿ ರೈಲು ಎರಡಾಗಿ, ಒಂದು ಭಾಗ ಲೌಟರ್‌ಬ್ರುನೆನ್‌ಗೂ ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೂ ಹೋಗುತ್ತದೆ. ಬೋಗಿಯ ಫಲಕ ಓದದೆ, ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಕೂತವರು ಬೇರೆಯೇ ಕಣಿವೆಯಲ್ಲಿ ಇಳಿಯುತ್ತಾರೆ. ಹಾಗಾದರೂ ದಿನವೇನೂ ಹಾಳಾಗುವುದಿಲ್ಲ. ಅರ್ಧ ಗಂಟೆಯೊಳಗೆ ವಾಪಸು ರೈಲಿರುತ್ತದೆ.

ಇಂಥ ಗೊಂದಲಕ್ಕೆ ಹೆದರಿಯೇ ನಮ್ಮ ಅನೇಕ ಕುಟುಂಬಗಳು ಪ್ಯಾಕೇಜ್ ಟೂರಿನ ಬಸ್ಸು ಹತ್ತುತ್ತವೆ, ಇಲ್ಲವೇ ಬಾಡಿಗೆ ಕಾರು ಹಿಡಿಯುತ್ತವೆ. ಅದರಲ್ಲಿ ದೊಡ್ಡ ನಷ್ಟವಿದೆ. ಆ ದೇಶದಲ್ಲಿ ಹಿಮದ ಬೆಟ್ಟದಷ್ಟೇ ನೋಡಬೇಕಾದದ್ದು ಅಲ್ಲಿನ ವೇಳಾಪಟ್ಟಿ.

ಫ್ರಾನ್ಸ್ 1981ರಲ್ಲಿ ತನ್ನ ಅತಿವೇಗದ ಟಿಜಿವಿ ರೈಲು ಓಡಿಸಿತು. ಮರುವರ್ಷವೇ ಸ್ವಿಸ್ ರೈಲ್ವೆ ಬೇರೆ ದಾರಿ ಹಿಡಿಯಿತು. ಮುಖ್ಯ ಮಾರ್ಗಗಳಲ್ಲಿ ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ರೈಲು ಹೊರಡಬೇಕು ಎಂಬುದು ಅದರ ಲೆಕ್ಕ. ಇದನ್ನೇ ಇನ್ನಷ್ಟು ವಿಸ್ತರಿಸುವ 'ರೈಲು 2000' ಯೋಜನೆಗೆ 1987ರಲ್ಲಿ ಜನರೇ ಮತ ಹಾಕಿ ಒಪ್ಪಿಗೆ ಕೊಟ್ಟರು. ದೊಡ್ಡ ಜಂಕ್ಷನ್ನುಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ಹೊಡೆಯುವ ಸ್ವಲ್ಪ ಮೊದಲು ಬಂದು, ಹೊಡೆದ ಸ್ವಲ್ಪ ಹೊತ್ತಿಗೆ ಹೊರಡಬೇಕು. ನಡುವಿನ ಕೆಲವೇ ನಿಮಿಷಗಳಲ್ಲಿ ಯಾರು ಯಾವ ರೈಲಿಗೆ ಬೇಕಾದರೂ ಬದಲಾಯಿಸಿಕೊಳ್ಳಬೇಕು. ಈ ಲೆಕ್ಕ ಕೂಡಿಬರಬೇಕಾದರೆ ಜೂರಿಕ್–ಬರ್ನ್ ನಡುವಿನ ಪ್ರಯಾಣ ಒಂದು ಗಂಟೆಗೆ ಚೂರು ಕಡಿಮೆ ಇರಬೇಕಿತ್ತು. ಅದಕ್ಕೆಂದೇ ಹಾಕಿದ ಹೊಸ ಹಳಿಯ ಮೇಲೆ 2004ರಿಂದ ಆ ಪ್ರಯಾಣ 56 ನಿಮಿಷದ್ದು. ಇನ್ನೂ ವೇಗದ ರೈಲಿಗೆ ಅವರು ಹಣ ಸುರಿಯಲಿಲ್ಲ. ಬೇಗ ಬಂದು ಮುಂದಿನ ರೈಲಿಗೆ ಪ್ಲಾಟ್‌ಫಾರಂನಲ್ಲಿ ಕಾಯುವುದರಿಂದ ಯಾರಿಗೇನು ಲಾಭ?

ಬೆಟ್ಟದ ಊರುಗಳಲ್ಲೂ ಇದೇ ಹೊಂದಾಣಿಕೆ. ಲೌಟರ್‌ಬ್ರುನೆನ್‌ನಲ್ಲಿ ಇಳಿದವರು ರಸ್ತೆ ದಾಟಿದರೆ ಕೇಬಲ್ ಕಾರ್. ಜನ ಮೇಲೆ, ಬೆಟ್ಟದ ಮೇಲಿನ ಮ್ಯೂರೆನ್ ಹಳ್ಳಿಗೆ ಬೇಕಾದ ಸಾಮಾನು ಅದೇ ತೊಟ್ಟಿಲಿನ ಅಡಿಯಲ್ಲಿ. ಗ್ರೂಚಾಲ್ಪ್ ತಲುಪಿದರೆ ಮ್ಯೂರೆನ್‌ಗೆ ಹೋಗುವ ಪುಟ್ಟ ರೈಲು ಅಲ್ಲೇ ನಿಂತಿರುತ್ತದೆ. ರೈಲು ಹೋಗದ ಕಣಿವೆಗಳಿಗೆ ಹಳದಿ ಬಣ್ಣದ ಪೋಸ್ಟ್ ಬಸ್ಸುಗಳಿವೆ. ಇವು ಹಿಂದೆ ಅಂಚೆ ಹೊತ್ತ ಗಾಡಿಗಳ ವಾರಸುದಾರರು. ಘಾಟಿಯ ತಿರುವುಗಳಲ್ಲಿ ಇವುಗಳ ಹಾರ್ನ್ ಮೂರು ಸ್ವರ ನುಡಿಯುತ್ತದೆ; ಆ ಸ್ವರ ರೊಸ್ಸಿನಿಯ 'ವಿಲಿಯಂ ಟೆಲ್' ಸಂಗೀತದ್ದು. ರೈಲು ಬರುವ ಹೊತ್ತು ನೋಡಿಕೊಂಡೇ ಈ ಬಸ್ಸುಗಳ ಸಮಯ ಗೊತ್ತುಮಾಡುತ್ತಾರೆ.

ಕರ್ನಾಟಕದವರಿಗೆ ಇಲ್ಲಿ ಕಲಿಯುವುದಿದೆ. ನಮ್ಮಲ್ಲಿ ರೈಲಿನ ಸಮಯ ಕೇಂದ್ರದ ರೈಲ್ವೆಯದು, ಬಸ್ಸಿನ ಸಮಯ ರಾಜ್ಯದ ಸಾರಿಗೆ ನಿಗಮದ್ದು. ತಾಳಗುಪ್ಪದಲ್ಲಿ ರೈಲಿಳಿದವರು ಜೋಗಕ್ಕೆ ಹೋಗಬೇಕೆಂದರೆ, ಈ ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಬರೆದ ಒಂದು ಪಟ್ಟಿ ಬೇಕು. ಅದಕ್ಕೆ ಹೊಸ ಹಳಿಯೂ ಬೇಡ, ಸುರಂಗವೂ ಬೇಡ.

ಖರ್ಚಿನ ಮಾತು ಬಿಡುವಂತಿಲ್ಲ. ಸ್ವಿಟ್ಜರ್ಲೆಂಡಿನ ಟಿಕೆಟ್ ದುಬಾರಿ. ಆದರೆ ಪ್ರವಾಸಿಗರಿಗೆಂದೇ ಇರುವ ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8 ಅಥವಾ 15 ದಿನಕ್ಕೆ ಸಿಗುತ್ತದೆ. ರೈಲು, ಬಸ್ಸು, ದೋಣಿ, ನಗರಗಳ ಟ್ರಾಮ್ ಎಲ್ಲಕ್ಕೂ ಅದೊಂದೇ ಸಾಕು. ಅಪ್ಪ ಅಮ್ಮನ ಬಳಿ ಪಾಸ್ ಇದ್ದರೆ 16 ವರ್ಷದೊಳಗಿನ ಮಕ್ಕಳಿಗೆ ಪ್ರಯಾಣ ಉಚಿತ. ಯುಂಗ್‌ಫ್ರಾಯೋಕ್ ಎಂಬ ಎತ್ತರದ ಬೆಟ್ಟದ ನಿಲ್ದಾಣಕ್ಕೆ ಮಾತ್ರ ಪಾಸ್ ಪೂರ್ತಿ ಸಾಲದು, ರಿಯಾಯಿತಿಯಷ್ಟೇ ಸಿಗುತ್ತದೆ. ಇದು ತಿಳಿಯದೆ ಕೌಂಟರ್ ಮುಂದೆ ಪೆಚ್ಚಾಗುವ ಬದಲು ಮನೆಯಲ್ಲೇ ಓದಿಕೊಂಡು ಹೊರಡುವುದು ಮೇಲು.



ಕಾರಿಗೂ ಅದರದ್ದೇ ಜಾಗವಿದೆ. ವಯಸ್ಸಾದವರು ಜೊತೆಗಿದ್ದರೆ, ದೂರದ ತೋಟದ ಮನೆಯಲ್ಲಿ ತಂಗುವುದಾದರೆ ಕಾರೇ ಸರಿ. ಆದರೆ ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಹಗಲಲ್ಲೂ ದೀಪ ಹಚ್ಚಿರಬೇಕು. ಹೆದ್ದಾರಿಗೆ ವರ್ಷದ ಶುಲ್ಕ ಕಟ್ಟಿರಬೇಕು. ಹಳದಿ ಹಾರ್ನಿನ ಚಿತ್ರವಿರುವ ಘಾಟಿ ರಸ್ತೆಯಲ್ಲಿ ಪೋಸ್ಟ್ ಬಸ್ಸು ಎದುರಾದರೆ, ಅದರ ಚಾಲಕ ಹೇಳಿದಂತೆ ಕಾರು ಸರಿಸಿ ದಾರಿ ಬಿಡಬೇಕು. ಫುರ್ಕಾ, ಗ್ರಿಮ್ಸೆಲ್‌ನಂಥ ಕಣಿವೆ ದಾರಿಗಳು ಚಳಿಗಾಲವಿಡೀ ಹಿಮದಡಿ ಮುಚ್ಚಿರುತ್ತವೆ. ತ್ಸೆರ್ಮಾಟ್ ಎಂಬ ಊರಿಗಂತೂ ಹೊರಗಿನ ಕಾರಿಗೆ ಪ್ರವೇಶವೇ ಇಲ್ಲ. ಟೇಶ್ ಎಂಬಲ್ಲಿ ಕಾರು ನಿಲ್ಲಿಸಿ, 12 ನಿಮಿಷದ ರೈಲು ಹತ್ತಬೇಕು.

ಕಾಂಡರ್‌ಸ್ಟೆಗ್ ಎಂಬ ಊರಿನಲ್ಲಿ ಇನ್ನೂ ಸೊಗಸು. ಮುಂದೆ ಬೆಟ್ಟ ಅಡ್ಡ ನಿಂತಿದೆ, ದಾಟುವ ರಸ್ತೆಯಿಲ್ಲ. ಕಾರನ್ನು ನಿಧಾನಕ್ಕೆ ರೈಲಿನ ಮೇಲೆ ಏರಿಸಿ, ಎಂಜಿನ್ ಬಂದ್ ಮಾಡಿ, ಎಲ್ಲರೂ ಒಳಗೇ ಕೂತಿರುತ್ತಾರೆ. ಕಾಲು ಗಂಟೆ ಸುರಂಗದ ಕತ್ತಲು. ಅಷ್ಟು ಹೊತ್ತೂ ಸ್ಟೀರಿಂಗ್ ಹಿಡಿದವನಿಗೆ ಮಾಡಲು ಕೆಲಸವಿಲ್ಲ. ಗೊಪ್ಪೆನ್‌ಸ್ಟೈನ್ ಬಂದಾಗ ಕಾರುಗಳು ಒಂದರ ಹಿಂದೊಂದು ರೈಲಿನಿಂದ ಇಳಿದು ದಕ್ಷಿಣದ ಕಣಿವೆಯ ರಸ್ತೆ ಹಿಡಿಯುತ್ತವೆ.